ಮೂರನೇ ದಿನದ ಗುದ್ದಲಿ

ನವೆಂಬರ್ ಹತ್ತು, ಸೋಮವಾರ, ಸಂಜೆ ನಾಲ್ಕೂವರೆ. ಒಮಾನಿನ ಅಲ್ ಅಮೇರಾತಿನ ಗಲ್ಲಿಯೊಂದರ ಕೊನೆಯ ಮನೆಯಲ್ಲಿ ಎರಡು ಸೂಟ್‌ಕೇಸು ಮತ್ತು ಒಂದು ಪ್ರೆಶರ್ ಕುಕ್ಕರ್ ಇಳಿಸಿದೆ. ಅಂದಿನ ದಿನಚರಿಯಲ್ಲಿ ಇಷ್ಟೇ ಬರೆದಿದ್ದೇನೆ: "ಗೇಟಿಗೆ ಒಳಗಿನಿಂದ ಚಿಲಕ ಉಂಟು. ಒಳ್ಳೆಯದಾಯಿತು."

ಖುರುಮ್‌ನಲ್ಲಿ ನಾನು ಕೆಲಸಕ್ಕಿದ್ದ ಸಣ್ಣ ಗುತ್ತಿಗೆ ಕಂಪನಿ ಅಕ್ಟೋಬರ್ ಕೊನೆಗೆ ಬಾಗಿಲು ಮುಚ್ಚಿತ್ತು. ನಕ್ಷೆ ನೋಡಿ ಒಂದು ಕಟ್ಟಡಕ್ಕೆ ಎಷ್ಟು ಬಾಗಿಲು, ಎಷ್ಟು ಟೈಲ್ಸ್, ಎಷ್ಟು ಚೀಲ ಸಿಮೆಂಟು ಬೇಕೆಂದು ಎಣಿಸುವುದು ಅಲ್ಲಿ ನನ್ನ ಕೆಲಸವಾಗಿತ್ತು. ಎಣಿಸುವ ಚಾಳಿ ಅಲ್ಲಿಂದ ದಿನಚರಿಗೂ ಬಂದಿದೆ. ಇನ್ನೊಂದು ಕಂಪನಿಯಲ್ಲಿ ಇದೇ ಕೆಲಸ ಸಿಕ್ಕಿತ್ತು, ಆದರೆ ವೀಸಾ ಅವರ ಹೆಸರಿಗೆ ಬದಲಾಗಬೇಕಿತ್ತು. ಅಲ್ಲಿಯವರೆಗೆ ನಾನು ಈ ದೇಶದಲ್ಲಿ ಇರಬಹುದು, ಯಾರ ಬಳಿಯೂ ಕೆಲಸ ಮಾಡುವಂತಿಲ್ಲ. ಮಾಡಿ ಸಿಕ್ಕಿಬಿದ್ದರೆ ಊರಿಗೆ ಕಳಿಸುತ್ತಾರೆ, ಮತ್ತೆ ಬರಲು ಬಿಡುವುದಿಲ್ಲ ಎಂದು ನಮ್ಮ ಕಡೆಯವರೆಲ್ಲ ಹೇಳುತ್ತಿದ್ದರು. ಕಾನೂನನ್ನು ನಾನು ಓದಿರಲಿಲ್ಲ. ಹೆದರಲು ಅವರ ಮಾತೇ ಸಾಕಾಗಿತ್ತು. ಮೂಲ್ಕಿಯ ಹತ್ತಿರದ ನಮ್ಮ ಮನೆಯಿಂದ ಅಮ್ಮ ಫೋನು ಮಾಡಿ "ಸೇರಿದೆಯಾ?" ಎಂದು ಕೇಳಿದಾಗಲೆಲ್ಲ "ನಾಳೆ ನಾಡಿದ್ದರಲ್ಲಿ" ಅನ್ನುತ್ತಿದ್ದೆ.

ಕಂಪನಿಯ ಕೋಣೆಯನ್ನು ಬಿಟ್ಟುಕೊಡಬೇಕಾಗಿ ಬಂದಾಗ ಪಕ್ಕದ ಮೇಜಿನ ಗೆಳತಿ ನನ್ನನ್ನು ತನ್ನ ಮನೆಗೆ ಕರೆದಳು. ಅವಳು ಒಮಾನಿ. ಅವರ ಮನೆತನ ಹಲವು ತಲೆಮಾರು ಪೂರ್ವ ಆಫ್ರಿಕಾದ ಝಾಂಜಿಬಾರ್ ದ್ವೀಪದಲ್ಲಿದ್ದು ಹಿಂದಿರುಗಿದ್ದು, ಮನೆಮಾತು ಇಂದಿಗೂ ಸ್ವಾಹಿಲಿ. ಮನೆಯಲ್ಲಿ ಅವಳು ಮತ್ತು ಅವಳ ಅಜ್ಜಿ ಇಬ್ಬರೇ. ಅಜ್ಜಿಯನ್ನು ಅವಳು ಬೀಬಿ ಎನ್ನುತ್ತಾಳೆ, ನಾನೂ ಹಾಗೇ ಕರೆದೆ. ಬೀಬಿ ಝಾಂಜಿಬಾರಿನಲ್ಲಿ ಶಾಲೆಯ ಟೀಚರಾಗಿದ್ದವರು. ನನ್ನೊಡನೆ ಮಾತಾಡುತ್ತಿದ್ದದ್ದು ಆ ಕಾಲದ ಇಂಗ್ಲಿಷಿನಲ್ಲಿ. ಅದನ್ನು ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮೊದಲ ಎರಡು ದಿನ ನನ್ನನ್ನು ನೆಲಕ್ಕೆ ಕಾಲಿಡಲು ಬಿಡಲಿಲ್ಲ ಎಂದೇ ಹೇಳಬೇಕು. ಖರ್ಜೂರ, ಕಹ್ವಾ ಎಂಬ ಏಲಕ್ಕಿ ಕಾಫಿ, ಹಲ್ವಾ, ಮತ್ತೆ ಖರ್ಜೂರ. ಕುಡಿದ ಲೋಟವನ್ನು ತೊಳೆಯಲು ಎದ್ದರೆ ಬೀಬಿ ಕೈ ಎತ್ತಿ ತಡೆಯುತ್ತಿದ್ದರು. "ಕೂರು. ನೀನು ನಿನ್ನೆ ಬಂದವಳು." ನನ್ನ ಕೋಣೆಗೆ ಬರುವಾಗ ಎರಡು ಸಲ ಬಾಗಿಲು ತಟ್ಟಿ, ಕೆಮ್ಮಿ, ಆಮೇಲೆ ಒಳಗೆ ಬರುತ್ತಿದ್ದರು. ನಮ್ಮಲ್ಲೂ ಬಂದವರಿಗೆ ಬೆಲ್ಲ ನೀರು ಕೊಟ್ಟು ಕೂರಿಸುತ್ತೇವೆ. ಬಂದವರು ಪೊರಕೆ ಮುಟ್ಟಿದರೆ ಮನೆಯವರಿಗೆ ಅವಮಾನ. ಆದ್ದರಿಂದ ಎಲ್ಲವೂ ನನಗೆ ತಿಳಿದದ್ದೇ ಅನ್ನಿಸಿತು. ಹೆದರಿಕೆ ಇದ್ದದ್ದು ಹೊರಗಿನದು. ಗೇಟಿನ ಸದ್ದು ಕೇಳಿದಾಗಲೆಲ್ಲ ದಿನಚರಿಯ ಅಂಚಿನಲ್ಲಿ ಒಂದು ಗೆರೆ ಎಳೆಯುತ್ತಿದ್ದೆ. ಸೋಮವಾರ ಎರಡು ಗೆರೆ, ಮಂಗಳವಾರ ಐದು.

ಬುಧವಾರ ಬೆಳಿಗ್ಗೆ ಬೀಬಿ ಬಾಗಿಲು ತಟ್ಟಲಿಲ್ಲ. ನೇರ ಒಳಗೆ ಬಂದು ಅರ್ಧ ತೆಂಗಿನಕಾಯಿಯನ್ನು ನನ್ನ ಕೈಯಲ್ಲಿಟ್ಟರು.

"ಏಳು ಮ್ವಾನಂಗು. ಹೋಗಿ ಆಡಿನ ಮೇಲೆ ಕೂರು."

ಮ್ವಾನಂಗು ಎಂದರೆ ನನ್ನ ಮಗು. ಆಡು ಎಂದರೆ ತುರಿಮಣೆ. ಸ್ವಾಹಿಲಿಯಲ್ಲಿ ಅದಕ್ಕೆ ಹಾಗೇ ಹೆಸರು. ಅಡುಗೆಮನೆಯ ನೆಲದಲ್ಲಿ ಅದು ಕಾಲು ಚಾಚಿ ನಿಂತಿತ್ತು, ನಮ್ಮ ದೊಡ್ಡಮ್ಮನ ಮನೆಯದರ ಹಾಗೇ. ಕೂತು ತುರಿದೆ. ಬೆರಳು ಕೊಯ್ದಿತು.

"ನಿಮ್ಮ ಊರಿನಲ್ಲಿ ತೆಂಗಿನಕಾಯಿ ಇಲ್ಲವೇ?"

"ಉಂಟು ಬೀಬಿ. ಮಿಕ್ಸಿಯೂ ಉಂಟು."

"ಹಾಗಾದರೆ ಮಿಕ್ಸಿಯನ್ನು ಕರೆದುಕೊಂಡು ಬರಬೇಕಿತ್ತು. ನಿನ್ನನ್ನು ಯಾಕೆ ಕಳಿಸಿದರು?"

ಗೆಳತಿ ನಕ್ಕಳು, ನಾನೂ ನಕ್ಕೆ. ಆದರೆ ಸಂಜೆಯೊಳಗೆ ಅಂಗಳ ಗುಡಿಸಿ, ನಿಂಬೆ ಗಿಡಕ್ಕೆ ನೀರು ಹಾಕಿ, ಮೀನು ತೊಳೆದು, ಬೀಬಿಯ ಮೊಣಕಾಲಿಗೆ ಎಣ್ಣೆ ತಿಕ್ಕಿ ಆಗಿತ್ತು. ಯಾವುದನ್ನೂ ಅವರು "ಆಗುತ್ತದೆಯೇ?" ಎಂದು ಕೇಳಲಿಲ್ಲ. ಇದನ್ನು ಮಾಡು, ಅದನ್ನು ತಾ. ಎರಡು ದಿನ ಖರ್ಜೂರ ತಿನ್ನಿಸಿದ ದನಿ ಹೀಗೆ ಒಮ್ಮೆಲೇ ಬದಲಾದದ್ದು ಯಾಕೆಂದು ನನಗೆ ತಿಳಿಯಲಿಲ್ಲ.

ಮರುದಿನ ಸಕ್ಕರೆಗೆಂದು ಗಲ್ಲಿಯ ತಿರುವಿನ ಅಂಗಡಿಗೆ ಹೋದೆ. ಅಂಗಡಿಯವರು ಉಪ್ಪಿನಂಗಡಿ ಕಡೆಯ ಬ್ಯಾರಿ, ಇಲ್ಲಿಗೆ ಬಂದು ಇಪ್ಪತ್ತು ವರ್ಷ ದಾಟಿದೆ. ನಾನು ತುಳುವಿನಲ್ಲಿ ಫೋನು ಮಾಡುತ್ತಿದ್ದದ್ದನ್ನು ಕೇಳಿ ಗುರುತು ಹಿಡಿದಿದ್ದರು.

"ಎಂತ ತಂಗಿ, ಆ ಮನೆಯಲ್ಲಿ ಕೆಲಸಕ್ಕೆ ಸೇರಿದ್ದಾ?"

"ಇಲ್ಲ ಕಾಕ. ಫ್ರೆಂಡಿನ ಮನೆ. ಸುಮ್ನೆ ಇದ್ದೇನೆ."

"ಸುಮ್ನೆ ಇರುವವರು ಅಂಗಳ ಗುಡಿಸುದಾ? ನಿನ್ನೆ ನೋಡಿದೆನಲ್ಲ ನಾನು."

"ಅದು ಹಾಗೇ, ಸಹಾಯಕ್ಕೆ..."

"ನೋಡು, ನಾನು ಹೆದರಿಸುದಲ್ಲ. ಮೊದಲು ಖರ್ಜೂರ, ಆಮೇಲೆ ಪೊರಕೆ. ಎಷ್ಟು ಹೆಣ್ಣುಮಕ್ಕಳನ್ನು ನೋಡಿದ್ದೇನೆ ಗೊತ್ತುಂಟಾ? ಸುರುವಿಗೆ ಮಗಳೇ ಅಂತಾರೆ. ನಿನ್ನ ಕಫೀಲ್ ಯಾರು ಈಗ?"

ಕಫೀಲ್ ಎಂದರೆ ವೀಸಾಕ್ಕೆ ಹೊಣೆಯಾದವರು. ನಾನು ಸಕ್ಕರೆಯ ದುಡ್ಡು ಎಣಿಸತೊಡಗಿದೆ.

"ಯಾರೂ ಇಲ್ಲ ಅಲ್ವಾ? ಖಲಾಸ್. ಚೆಕಿಂಗಿನವರು ಈ ಕಡೆ ಬರುದುಂಟು. ಕೈಯಲ್ಲಿ ಪೊರಕೆ ಇರುವಾಗ ಬಂದರೆ ಏನು ಹೇಳ್ತಿ ಮಾರಾಯ್ತಿ?"

ಸಕ್ಕರೆ ತೆಗೆದುಕೊಂಡು ಮನೆಗೆ ಬರುವಷ್ಟರಲ್ಲಿ ಎರಡು ಸಲ ಹಿಂದಿರುಗಿ ನೋಡಿದ್ದೆ. ಅಂದಿನಿಂದ ಗೇಟಿನ ಸದ್ದಿನ ಜೊತೆಗೆ ಮಾಡಿದ ಕೆಲಸಗಳನ್ನೂ ಬರೆದಿಡತೊಡಗಿದೆ. ಯಾರಿಗೆ ತೋರಿಸಲಿಕ್ಕೆ ಎಂದು ನನಗೇ ಗೊತ್ತಿರಲಿಲ್ಲ.

ರಾತ್ರಿ ಊಟದ ಹೊತ್ತಿಗೆ ಗೆಳತಿಯನ್ನು ಕೇಳಿಯೇ ಬಿಟ್ಟೆ. ಅವಳಿಗೆ ಅದೊಂದು ದೊಡ್ಡ ವಿಷಯವೇ ಅಲ್ಲ. "ಓ, ನಿನಗೆ ಗುದ್ದಲಿ ಸಿಕ್ಕಿತು!" ಎಂದಳು. ಸ್ವಾಹಿಲಿಯಲ್ಲಿ ಒಂದು ಗಾದೆಯಿದೆಯಂತೆ: ಅತಿಥಿಗೆ ಎರಡು ದಿನ, ಮೂರನೇ ದಿನ ಕೈಗೆ ಗುದ್ದಲಿ ಕೊಡು. ಅವಳು ಝಾಂಜಿಬಾರಿನ ಎದುರು ದಡದ ದಾರ್ ಎಸ್ ಸಲಾಮಿನಲ್ಲಿ ಒಂದು ವರ್ಷ ಓದಿದವಳು. ಅಲ್ಲಿ ತತ್ತ್ವಶಾಸ್ತ್ರದ ತರಗತಿಯಲ್ಲಿ ಮನುಷ್ಯ ಎಂದರೆ ಯಾರು ಎಂಬ ಪ್ರಶ್ನೆಗೆ ಇಂಥ ಗಾದೆಗಳಿಂದಲೇ ಪಾಠ ಶುರುವಾಗುತ್ತಿತ್ತಂತೆ. ಆ ದೇಶ ಸ್ವತಂತ್ರವಾದ ಹೊಸತರಲ್ಲಿ ಸರ್ಕಾರವೇ ಇದನ್ನು ಹಿಡಿದುಕೊಂಡು, ಎಲ್ಲರೂ ಸೇರಿ ದುಡಿಯಬೇಕು, ಕೂತು ತಿನ್ನುವವರು ಇರಬಾರದು ಎಂದು ಹಳ್ಳಿ ಹಳ್ಳಿಗೆ ಹೇಳಿತ್ತಂತೆ.

"ಜನ ಒಪ್ಪಿದರಾ?" ಎಂದೆ.

"ಕೆಲವರು ಒಪ್ಪಿದರು. ಒಪ್ಪದವರನ್ನು ಲಾರಿಯಲ್ಲಿ ತುಂಬಿ ಹೊಸ ಹಳ್ಳಿಗೆ ಹಾಕಿದರು."

ಅವಳು ಮೀನಿನ ಮುಳ್ಳು ತೆಗೆಯುತ್ತಾ ಹೇಳಿದ ಆ ಮಾತು ನನ್ನನ್ನು ಇನ್ನಷ್ಟು ಹೆದರಿಸಿತು. ಕೊಡುವವರ ಮನಸ್ಸಿನಲ್ಲಿ ಗುದ್ದಲಿ ಎಷ್ಟು ಒಳ್ಳೆಯದಾದರೂ, ಬೇಡ ಅನ್ನುವ ದಾರಿ ಇಲ್ಲದಿದ್ದರೆ ಪಡೆದವರಿಗೆ ಅದು ಏನು?

ಶುಕ್ರವಾರ ಊಟವಾದ ಮೇಲೆ ಬೀಬಿ ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದರು. ನಾನು ಎಣ್ಣೆ ತಿಕ್ಕುತ್ತಿದ್ದೆ. ಕೇಳಲು ಅದೇ ಸರಿಯಾದ ಹೊತ್ತು ಅನ್ನಿಸಿತು.

"ಬೀಬಿ, ನನಗೆ ಯಾಕೆ ಕೆಲಸ ಕೊಟ್ಟಿರಿ?"

"ನೀನು ತುರಿದ ಕಾಯಿ ನೋಡಿದ ಮೇಲೂ ಯಾಕೆ ಬಿಡಿಸಲಿಲ್ಲ ಎಂದು ಕೇಳು."

"ತಮಾಷೆ ಅಲ್ಲ ಬೀಬಿ."

ಅವರು ನನ್ನ ಮುಖ ನೋಡಿದರು. ಆಮೇಲೆ ಪಾಠ ಹೇಳುವವರ ಹಾಗೆ ನಿಧಾನವಾಗಿ ಶುರುಮಾಡಿದರು. ಅವರ ಧರ್ಮದಲ್ಲಿ ಅತಿಥಿಗೆ ಮೂರು ದಿನದ ಹಕ್ಕು. ಅದರ ಮೇಲೆ ಕೊಟ್ಟದ್ದೆಲ್ಲ ದಾನ. "ನಾಲ್ಕನೇ ದಿನ ನಾನು ಬಡಿಸಿದ್ದನ್ನು ನೀನು ದಾನವೆಂದು ಉಣ್ಣಬೇಕೇ? ಕೈಕಾಲು ಗಟ್ಟಿಯಿರುವ ಹುಡುಗಿ? ಅದಕ್ಕೇ ನಮ್ಮ ಕರಾವಳಿಯ ಹಿರಿಯರು ಮೂರನೇ ದಿನವೇ ಗುದ್ದಲಿ ಕೊಟ್ಟರು. ದಾನದ ಬಾಗಿಲು ತೆರೆಯುವುದಕ್ಕೆ ಮೊದಲೇ ನಿನ್ನನ್ನು ಮನೆಯವರು ಬರುವ ಬಾಗಿಲಿನಿಂದ ಒಳಗೆ ಕರೆದುಕೊಂಡರು."

"ಅಂದರೆ ಊಟಕ್ಕೆ ಬದಲು ಕೆಲಸ. ಕೂಲಿ."

"ಛೆ. ಕೂಲಿಯಾದರೆ ಸಂಜೆಗೆ ಲೆಕ್ಕ ಚುಕ್ತಾ. ಚುಕ್ತಾ ಆದ ಮೇಲೆ ನೀನು ಯಾರೋ, ನಾನು ಯಾರೋ. ಮನೆಯವರ ನಡುವೆ ಲೆಕ್ಕ ಮುಗಿಯಲೇಬಾರದು. ನಾನು ನಿನಗೆ ಕೊಡಬೇಕಾದದ್ದು ಸ್ವಲ್ಪ ಉಳಿದಿರಬೇಕು, ನೀನು ನನಗೆ ಕೊಡಬೇಕಾದದ್ದೂ ಉಳಿದಿರಬೇಕು."

ನಾನು ಕಲಿತ ಎಸ್ಟಿಮೇಟಿನಲ್ಲಿ ದುಡಿಮೆಗೆ ಇರುವುದು ಒಂದೇ ಅಳತೆ: ಒಂದು ಆಳು, ಒಂದು ದಿನ. ಅದನ್ನು ದರದಿಂದ ಗುಣಿಸಿದರೆ ಆ ಸಾಲು ಮುಗಿಯಿತು. ಮುಗಿಸದೆ ಬಿಟ್ಟ ಸಾಲನ್ನು ನಮ್ಮಲ್ಲಿ ತಪ್ಪು ಎನ್ನುತ್ತಾರೆ. ಇವರು ಅದನ್ನೇ ಸಂಬಂಧ ಎನ್ನುತ್ತಿದ್ದರು.

"ಹುಟ್ಟಿದ ಮಾತ್ರಕ್ಕೆ ತಲೆ ಎಣಿಕೆಗೆ ಸಿಗುತ್ತೇವೆ, ಅಷ್ಟೇ" ಎಂದರು ಬೀಬಿ. "ಕೊಟ್ಟಿಗೆಯ ಆಡೂ ತಲೆ ಎಣಿಕೆಗೆ ಸಿಗುತ್ತದೆ. ನಿನ್ನನ್ನು ನೆಚ್ಚಿಕೊಂಡವರು ನಾಲ್ಕು ಮಂದಿ ಇದ್ದಾಗ, ನೀನು ಬರದಿದ್ದರೆ ಅವರ ಕೆಲಸ ನಿಂತಾಗ, ಆಗ ಮನುಷ್ಯತನ. ಅದಕ್ಕೆ ನಾವು ಉಟು ಎನ್ನುತ್ತೇವೆ. ಅದನ್ನು ಒಬ್ಬರೇ ಕೂತು ಸಂಪಾದಿಸಲು ಬರುವುದಿಲ್ಲ."

ಒಪ್ಪಿಕೊಂಡು ಸುಮ್ಮನಿರಬಹುದಿತ್ತು. ಆದರೆ ಕಾಕನ ಮಾತು ಎದೆಯಲ್ಲಿ ಕೂತಿತ್ತು. ಎಣ್ಣೆ ತಿಕ್ಕುತ್ತಲೇ ಕೇಳಿದೆ.

"ಝಾಂಜಿಬಾರಿನ ಲವಂಗದ ತೋಟಗಳಲ್ಲಿ ಗುಲಾಮರಾಗಿ ಗುದ್ದಲಿ ಹಿಡಿದವರೂ ಹೀಗೇ ಮನೆಯವರಾದರಾ ಬೀಬಿ?"

ಅಡುಗೆಮನೆಯಲ್ಲಿ ಗೆಳತಿ ಪಾತ್ರೆಯ ಸದ್ದು ನಿಲ್ಲಿಸಿದಳು. ಬೀಬಿ ಕಾಲನ್ನು ನನ್ನ ಕೈಯಿಂದ ಎಳೆದುಕೊಳ್ಳುತ್ತಾರೆ ಎಂದುಕೊಂಡೆ. ಎಳೆದುಕೊಳ್ಳಲಿಲ್ಲ.

"ನನ್ನ ಮುತ್ತಜ್ಜನಿಗೆ ತೋಟವಿತ್ತು" ಎಂದರು. "ಅಲ್ಲಿಯವರಿಗೆ ಮೊದಲ ದಿನವೇ ಗುದ್ದಲಿ ಕೊಟ್ಟರು. ಅತಿಥಿಯ ಎರಡು ದಿನವನ್ನು ಕೊಡಲೇ ಇಲ್ಲ. ಆ ಎರಡು ದಿನ ಇಲ್ಲದಿದ್ದರೆ ಆ ಗಾದೆ ಪಾಪದ ಮಾತು."

ಮತ್ತೆ ಅವರು ಇನ್ನೊಂದು ಕಾಲನ್ನು ನನ್ನ ಕಡೆ ಚಾಚಿದರು. ಅಂದು ಮೊದಲ ಬಾರಿಗೆ ಮನೆಯೊಳಗಿನ ಹೆದರಿಕೆ ಸ್ವಲ್ಪ ಇಳಿಯಿತು. ನನಗೆ ಎರಡು ದಿನ ಸಿಕ್ಕಿತ್ತಲ್ಲ. ಹೊರಗಿನ ಹೆದರಿಕೆ ಹಾಗೇ ಇತ್ತು. ಹಾಸಿಗೆಯಲ್ಲಿ ಮಲಗಿ ಯೋಚಿಸಿದಾಗ ನನ್ನ ಇಕ್ಕಟ್ಟು ಸ್ಪಷ್ಟವಾಯಿತು. ಕಾನೂನಿನ ಕಣ್ಣಿಗೆ ನಾನು ಅತಿಥಿಯಾಗಿದ್ದರೆ ಮಾತ್ರ ಕ್ಷೇಮ. ಬೀಬಿಯ ಕಣ್ಣಿಗೆ ಅತಿಥಿಯಾಗಿ ಉಳಿದರೆ ನಾನು ಯಾರೂ ಅಲ್ಲ. ಎರಡೂ ಕಡೆಯವರು ಒಂದೇ ದಿನ ಎದುರಾದರೆ ಏನು ಹೇಳುವುದು?

ಅವರು ಭಾನುವಾರ ಬೆಳಿಗ್ಗೆ ಎದುರಾದರು. ಗೆಳತಿ ಕೆಲಸ ಹುಡುಕಲು ಹೋಗಿದ್ದಳು. ನಾನು ತುರಿಮಣೆಯ ಮೇಲಿದ್ದೆ. ಗೇಟಿನ ಸದ್ದು ಕೇಳಿ ಬೀಬಿ ತಾವೇ ಚಿಲಕ ತೆಗೆದು, "ಮ್ವಾನಂಗು, ಬಾ ಇಲ್ಲಿ" ಎಂದು ಕೂಗಿದರು. ಹೋದರೆ ಕೊರಳಿಗೆ ಗುರುತಿನ ಚೀಟಿ ಹಾಕಿದ್ದ ಇಬ್ಬರು ನಿಂತಿದ್ದರು. ಗಲ್ಲಿಯ ಮನೆಗಳಲ್ಲಿ ಯಾರು ಯಾರು ಇದ್ದಾರೆ ಎಂದು ವಿಚಾರಿಸುತ್ತಿದ್ದಾರಂತೆ. ಹಿರಿಯವರು ಬೀಬಿಯೊಡನೆ ಅರಬಿಯಲ್ಲಿ ಮಾತಾಡುತ್ತಿದ್ದರು. ಕಿರಿಯವರಿಗೆ ಹಿಂದಿ ಬರುತ್ತಿತ್ತು. ಅವರು ನನ್ನ ಕೈ ನೋಡಿದರು. ಮೊಣಕೈವರೆಗೆ ಕಾಯಿತುರಿ ಅಂಟಿತ್ತು.

"ಇಲ್ಲಿ ಕೆಲಸ ಮಾಡುತ್ತೀರಾ?"

ನಾನು ಬಾಯಿ ತೆರೆಯುವ ಮೊದಲೇ ಬೀಬಿ ಅರಬಿಯಲ್ಲಿ ಏನೋ ಹೇಳಿದರು. ಕಿರಿಯವರು ನಕ್ಕು ಅದನ್ನು ನನಗೆ ಹಿಂದಿಯಲ್ಲಿ ಹೇಳಿದರು. "ಅಜ್ಜಿ ಹೇಳುತ್ತಿದ್ದಾರೆ, ಮಾಡದೆ ಮತ್ತೆ? ಈ ಮನೆಯಲ್ಲಿ ಕೆಲಸ ಮಾಡದವರು ಯಾರಿದ್ದಾರೆ? ನಾನೂ ಮಾಡುತ್ತೇನೆ, ಮೊಮ್ಮಗಳೂ ಮಾಡುತ್ತಾಳೆ ಅಂತ."

ಕೆಲಸ ಮಾಡುವುದಿಲ್ಲ ಎಂದು ಹೇಳಿದರೆ ನನ್ನ ಮರ್ಯಾದೆ ಹೋಗುತ್ತದೆ ಎಂದು ಬೀಬಿ ತಿಳಿದಿರಬೇಕು. ಅವರು ಹೆಮ್ಮೆಯಿಂದಲೇ ಹೇಳಿದ್ದರು. ನನಗೆ ನೆನಪಾದದ್ದು ಕಾಕನ ಮಾತು ಮಾತ್ರ.

"ಇಲ್ಲ ಸಾರ್" ಎಂದೆ ಹಿಂದಿಯಲ್ಲಿ. "ನಾನು ಮೆಹಮಾನ್. ಬರೀ ಮೆಹಮಾನ್. ಸ್ವಲ್ಪ ದಿನ ಇದ್ದು ಹೋಗುವವಳು."

"ಇವರಿಗೆ ನೀವು ಏನಾಗಬೇಕು?"

"ಏನೂ ಅಲ್ಲ."

ಬೀಬಿಗೆ ಹಿಂದಿ ತಿಳಿಯುವುದಿಲ್ಲ ಎಂದುಕೊಂಡಿದ್ದೆ. ಝಾಂಜಿಬಾರಿನ ಟಾಕೀಸಿನಲ್ಲಿ ಹಿಂದಿ ಸಿನಿಮಾ ನೋಡುತ್ತಾ ಬೆಳೆದವರು ಅವರು ಎಂದು ಗೆಳತಿ ಆಮೇಲೆ ಹೇಳಿದಳು. ಮೆಹಮಾನ್ ಎಂದರೆ ಅತಿಥಿ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಹಿರಿಯವರು ನನ್ನ ರೆಸಿಡೆಂಟ್ ಕಾರ್ಡಿನ ಫೋಟೋ ತೆಗೆದುಕೊಂಡರು. ಏನಾದರೂ ಬೇಕಾದರೆ ಫೋನು ಬರುತ್ತದೆ ಎಂದರು. ದನಿಯಲ್ಲಿ ಗದರಿಕೆ ಇರಲಿಲ್ಲ. ಗೇಟು ಮುಚ್ಚಿತು. ನಾನು ಒಳಗೆ ಬಂದು ಮತ್ತೆ ತುರಿಮಣೆಯ ಮೇಲೆ ಕೂರಲು ಹೋದೆ. ಬೀಬಿ ನನ್ನ ಕೈಯಿಂದ ಕಾಯಿಯನ್ನು ತೆಗೆದುಕೊಂಡರು.

"ಕೈ ತೊಳೆದುಕೋ. ಕಹ್ವಾ ತರುತ್ತೇನೆ."

ಬೈದಿದ್ದರೆ ಅತ್ತುಬಿಡುತ್ತಿದ್ದೆ. ಅವರು ಬೈಯಲಿಲ್ಲ. ತಟ್ಟೆಯಲ್ಲಿ ಖರ್ಜೂರ ಬಂತು. ಸಂಜೆ ಹಾಸಿಗೆಯ ಹೊದಿಕೆ ಬದಲಾಯಿತು. ಮರುದಿನ ಬೆಳಿಗ್ಗೆ ನನ್ನ ಕೋಣೆಯ ಬಾಗಿಲನ್ನು ಎರಡು ಸಲ ತಟ್ಟಿ, ಕೆಮ್ಮಿ, ಆಮೇಲೆ ಒಳಗೆ ಬಂದರು. ಮ್ವಾನಂಗು ಅನ್ನಲಿಲ್ಲ. "ನಿದ್ದೆ ಚೆನ್ನಾಗಿ ಬಂತೇ?" ಎಂದು ಕೇಳಿದರು. ಅಷ್ಟು ಮರ್ಯಾದೆಯ ಪ್ರಶ್ನೆ ನನ್ನನ್ನು ಯಾವತ್ತೂ ಅಷ್ಟು ಹೆದರಿಸಿರಲಿಲ್ಲ.

ಫೋನಿಗೂ ಹೆದರಿಕೆ, ಬಾಗಿಲಿಗೂ ಹೆದರಿಕೆ. ಆ ವಾರ ಗುರುತಿಲ್ಲದ ನಂಬರುಗಳಿಂದ ಮೂರು ಕರೆ ಬಂದವು. ಒಂದು ಬ್ಯಾಂಕಿನದು, ಒಂದು ಕೊರಿಯರ್ ಹುಡುಗನದು. ಮೂರನೆಯದು ನಾನು ಎತ್ತುವಷ್ಟರಲ್ಲಿ ನಿಂತಿತು. ತಿರುಗಿ ಮಾಡಲಿಲ್ಲ.

ಕಾಕನ ಅಂಗಡಿಗೆ ಹೋದಾಗ ನಡೆದದ್ದನ್ನು ಹೇಳಿದೆ.

"ಒಳ್ಳೆ ಕೆಲಸ ಮಾಡಿದೆ ತಂಗಿ. ಬುದ್ಧಿವಂತೆ ನೀನು."

"ಅವರು ಈಗ ಲೋಟ ಮುಟ್ಟಲಿಕ್ಕೂ ಬಿಡುದಿಲ್ಲ ಕಾಕ."

"ಒಳ್ಳೆದಾಯ್ತಲ್ಲ! ಆರಾಮಲ್ಲಿ ಕೂತು ತಿನ್ನು." ಅವರು ನನ್ನ ಮುಖ ನೋಡಿದರು. ಚಿಲ್ಲರೆ ಕೊಡುವಾಗ, "ಅಜ್ಜಿ ಬೆಳಿಗ್ಗೆ ಕಾಯಿ ತಗೊಂಡು ಹೋಗ್ಲಿಕ್ಕೆ ಅವರೇ ಬಂದಿದ್ರು. ಕಾಲು ನೋವಲ್ವಾ ಅವರಿಗೆ?" ಎಂದರು.

ಅಂದು ಮಧ್ಯಾಹ್ನ ಅಡುಗೆಮನೆಗೆ ಹೋದೆ. ಬೀಬಿ ನೆಲದಲ್ಲಿ ಕೂತು ತುರಿಯುತ್ತಿದ್ದರು. ಪಕ್ಕದಲ್ಲಿ ಕೂತು ಕೈ ಚಾಚಿದೆ.

"ಕೊಡಿ ಬೀಬಿ."

"ಬೇಡ. ಸಿಕ್ಕಿಬಿದ್ದರೆ ನಿನಗೆ ತೊಂದರೆ."

ತಲೆ ಎತ್ತದೆ ಹೇಳಿದರು. ಅದು ನನ್ನನ್ನು ಹಂಗಿಸಿದ್ದೋ, ಕಾಪಾಡಿದ್ದೋ ನನಗೆ ತಿಳಿಯಲಿಲ್ಲ. ಗೆಳತಿಯನ್ನು ಕೇಳಿದರೆ, "ಬೀಬಿ ಹಾಗೇ" ಎಂದಳು. ಅವಳಿಗೂ ತಿಳಿದಿರಲಿಲ್ಲ. ಅವಳು ಆ ಮನೆಯಲ್ಲಿ ಒಂದು ದಿನವೂ ಅತಿಥಿಯಾಗಿರಲಿಲ್ಲವಲ್ಲ.

ನವೆಂಬರ್ ಇಪ್ಪತ್ನಾಲ್ಕಕ್ಕೆ ವೀಸಾ ಬದಲಾಯಿತು. ಮರುದಿನ ಸೂಟ್‌ಕೇಸು ಹೊರಗಿಟ್ಟೆ. ಅದೇ ಹೊತ್ತಿಗೆ ಗೆಳತಿಯೂ ಹೊರಗೆ ಹೊರಟಳು. ಅವಳು ಚಪ್ಪಲಿ ಹಾಕಿಕೊಂಡು ಹೋದಾಗ ಬೀಬಿ ಏನೂ ಹೇಳಲಿಲ್ಲ. ಬರುವಾಗ ಮೊಸರು ತಾ ಎಂದರು, ಅಷ್ಟೇ. ನನ್ನನ್ನು ಗೇಟಿನವರೆಗೆ ಬಂದು ಬೀಳ್ಕೊಟ್ಟರು. ಕೈ ಹಿಡಿದು "ಕರೀಬು ತೇನಾ" ಎಂದರು. ಮತ್ತೊಮ್ಮೆ ಬನ್ನಿ ಎಂದು ಅರ್ಥ. ಮನೆಯವರಿಗೆ ಅದನ್ನು ಯಾರೂ ಹೇಳುವುದಿಲ್ಲ.

ಈಗ ಖುರುಮ್‌ನ ಹೊಸ ಕೋಣೆಯಲ್ಲಿದ್ದೇನೆ. ಕಾರ್ಡಿನಲ್ಲಿ ಹೊಸ ಕಂಪನಿಯ ಹೆಸರಿದೆ. ಇಲಾಖೆಯಿಂದ ಫೋನು ಬಂದಿಲ್ಲ. ಆದರೂ ಗುರುತಿಲ್ಲದ ನಂಬರು ಮಿನುಗಿದರೆ ನಾನು ಎತ್ತುವುದಿಲ್ಲ. ಪ್ರತಿ ಶುಕ್ರವಾರ ಊಟಕ್ಕೆ ಬಾ ಎಂದು ಗೆಳತಿಯ ಕೈಯಲ್ಲಿ ಬೀಬಿ ಹೇಳಿಕಳಿಸುತ್ತಾರೆ. ಮೂರು ಶುಕ್ರವಾರ ನೆಪ ಹೇಳಿ ತಪ್ಪಿಸಿದೆ. ಹೋದರೆ ಎಲ್ಲಿ ಕೂರಬೇಕೆಂದು ನನಗೆ ಗೊತ್ತಿಲ್ಲ. ಚಾಪೆಯ ಮೇಲೆ ಕೂತರೆ ಭಾನುವಾರ ನಾನು ಹೇಳಿದ್ದೇ ನಿಜವಾಗುತ್ತದೆ. ನೇರ ಅಡುಗೆಮನೆಗೆ ನುಗ್ಗಿದರೆ, ಕೊಡದ ಗುದ್ದಲಿಯನ್ನು ಕಸಿದುಕೊಂಡಂತೆ ಆಗಬಹುದು. ಅವರು ಇನ್ನೊಮ್ಮೆ "ಬೇಡ" ಎಂದರೆ ಅದನ್ನು ಕೇಳಿಸಿಕೊಳ್ಳುವ ಧೈರ್ಯ ನನಗಿಲ್ಲ.

ಆದ್ದರಿಂದ ಓದುವವರಲ್ಲಿ ಕೇಳುತ್ತಿದ್ದೇನೆ. ಪೂರ್ವ ಆಫ್ರಿಕಾದಲ್ಲಿ ಇದ್ದು ಬಂದ ನಮ್ಮ ಕಡೆಯವರು ಹಲವರಿದ್ದೀರಿ. ಇಲ್ಲಿಯೇ ಸ್ವಾಹಿಲಿ ಮನೆಗಳ ಜೊತೆ ಬಳಕೆ ಇರುವವರೂ ಇದ್ದೀರಿ. ಒಮ್ಮೆ ಗುದ್ದಲಿ ಪಡೆದು, ಹೆದರಿ, ತಾನು ಅತಿಥಿ ಎಂದು ಬಾಯಿಬಿಟ್ಟು ಹೇಳಿದವರಿಗೆ ಅದು ಮತ್ತೆ ಸಿಗುತ್ತದೆಯೇ? ಅದನ್ನು ಕೇಳಿ ಪಡೆಯುವ ಕ್ರಮ ಉಂಟೇ, ಅಥವಾ ಮತ್ತೆ ಎರಡು ದಿನ ಅದೇ ಮನೆಯಲ್ಲಿ ಸುಮ್ಮನೆ ಉಂಡು ಕಾಯಬೇಕೇ? ತಿಳಿದವರು ಈ ಪತ್ರಿಕೆಯ ವಿಳಾಸಕ್ಕೆ ನಾಲ್ಕು ಸಾಲು ಬರೆದರೆ ನನಗೆ ತಲುಪುತ್ತದೆ.